1969ರಲ್ಲೇ ಬರೆದಿದ್ದ ತಾರೀಖು

ಹೋದ ವಾರ ಕಳಸದಲ್ಲಿ ನೆಂಟರ ಮನೆ ಮದುವೆ. ಊಟ ಮುಗಿಸಿ ಚಪ್ಪರದ ಕೆಳಗೆ ಎಲೆಅಡಿಕೆ ಹಾಕುತ್ತಾ ಕೂತಿದ್ದಾಗ ಮಾತು ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಕಂಪನಿಯ ಕಡೆ ಹೊರಳಿತು. ನಮ್ಮ ಕಡೆ ನಾಲ್ಕು ಜನ ಸೇರಿದರೆ ಅಡಿಕೆ ರೇಟು, ಮಳೆ, ಆಮೇಲೆ ಕುದುರೆಮುಖ, ಈ ಮೂರು ಬಂದೇ ಬರುತ್ತವೆ. ಚಿಕ್ಕಪ್ಪ ಅಂದರು, "ಎಷ್ಟು ಚಂದ ನಡೀತಿದ್ದ ಕಂಪನಿ ಮಾರಾಯ. ಪರಿಸರದವರು ಕೇಸು ಹಾಕಿದ್ರು, ಕೋರ್ಟು ಒಂದೇ ದಿನದಲ್ಲಿ ಬೀಗ ಹಾಕಿಸ್ತು." ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ಮದುವೆ ಮನೆಯಲ್ಲಿ ವಾದ ಯಾಕೆ ಅಂತ ನಾನು ಸುಮ್ನಿದ್ದೆ. ಆದರೆ ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಚಿಕ್ಕಪ್ಪ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಅವತ್ತು ಬಾಯಿಗೆ ಬಂದು ಹೇಳದೇ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ದಿನದಲ್ಲಿ ಆದದ್ದಲ್ಲ ಅದು.

ಕುದುರೆಮುಖದ ಗಣಿ ಗುತ್ತಿಗೆ ಶುರುವಾಗಿದ್ದು 1969ರ ಜುಲೈನಲ್ಲಿ. ಅವಧಿ 30 ವರ್ಷ. ಅಂದರೆ 1999ರ ಜುಲೈಗೆ ಮುಗಿಯುತ್ತದೆ ಅನ್ನುವುದು ಮೊದಲ ದಿನವೇ ಕಾಗದದಲ್ಲಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕೇ ಬೇಕು ಅಂತ ಅದು ಹೇಳಿತು. 1987ರಲ್ಲಿ ಆ ಬೆಟ್ಟಗಳನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮೊದಲ ಅಧಿಸೂಚನೆ ಹೊರಬಿತ್ತು. ಗುತ್ತಿಗೆ ಮುಗಿಯಲು ಆಗ ಇನ್ನೂ 12 ವರ್ಷ ಇತ್ತು! 1999ರಲ್ಲಿ ಗುತ್ತಿಗೆ ಮುಗಿಯಿತು, ತಾತ್ಕಾಲಿಕ ಪರವಾನಗಿಯ ಮೇಲೆ ಗಣಿ ನಡೆಯಿತು. 2001ರಲ್ಲಿ ಉದ್ಯಾನದ ಅಂತಿಮ ಅಧಿಸೂಚನೆ ಆಯಿತು. ಅದೇ ವರ್ಷ ನಾಗರಹೊಳೆಯ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು. ಅವತ್ತೂ ಕೋರ್ಟ್ ನಾಳೆಯೇ ಮುಚ್ಚಿ ಅನ್ನಲಿಲ್ಲ. ಆಗಲೇ ಅಗೆದು ಬಿಟ್ಟಿದ್ದ ಜಾಗದಲ್ಲಿ ಮಾತ್ರ, 2005ರ ಕೊನೆಯವರೆಗೆ ಕೆಲಸ ಮಾಡಿ ಮುಗಿಸಿಕೊಳ್ಳಿ ಅಂತ 3 ವರ್ಷ ಕೊಟ್ಟಿತು. 1969ರಿಂದ 2005ರ ತನಕ ಲೆಕ್ಕ ಹಾಕಿದರೆ 36 ವರ್ಷ. ಅಷ್ಟರಲ್ಲಿ ಒಂದು ತೆಂಗಿನ ಸಸಿ ನೆಟ್ಟು, ಅದರ ಕಾಯಿ ಮೊಮ್ಮಕ್ಕಳಿಗೆ ಕೊಡಬಹುದು.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಆ ಗಣಿಯನ್ನು ಕಟ್ಟಿದ್ದು ಇರಾನಿಗಾಗಿ. ಅಲ್ಲಿ ದೊರೆ ಶಾ ಆಳುತ್ತಿದ್ದ ಕಾಲ. ಸಾಲ ಅವರೇ ಕೊಡುವುದು, ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿಯನ್ನು ಅವರೇ ಕೊಳ್ಳುವುದು ಅಂತ ಒಪ್ಪಂದ. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಓಡಿಹೋದರು. ಗಣಿ ತಯಾರಾಗುವ ಹೊತ್ತಿಗೆ ಕೊಳ್ಳುವವರೇ ಇಲ್ಲ. ಕಾಡಿನ ಮಧ್ಯೆ ಯಂತ್ರ, ಲಕ್ಯಾ ಅಣೆಕಟ್ಟು, ಮಂಗಳೂರಿನವರೆಗೆ 67 ಕಿಲೋಮೀಟರ್ ಪೈಪು, ಎಲ್ಲ ಸಿದ್ಧ. ಗಿರಾಕಿ ಮಾತ್ರ ನಾಪತ್ತೆ. ಆಗ ಕಂಪನಿಯವರು ಕೈಕಟ್ಟಿ ಕೂತರಾ? ಇಲ್ಲ. ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿದರು. ಪುಡಿ ಮಾತ್ರ ಮಾರಿದರೆ ಸಾಲದು ಅಂತ ಪಣಂಬೂರಿನಲ್ಲಿ ಆ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ಕಟ್ಟಿದರು, 1987ರಲ್ಲಿ ಅದು ಶುರುವಾಯಿತು. ದೊಡ್ಡ ಕೆಲಸ ಅದು, ಆ ಜನರ ಬುದ್ಧಿವಂತಿಕೆ, ಹಟ ಎರಡನ್ನೂ ನಾನು ಮನಸಾರೆ ಮೆಚ್ಚುತ್ತೇನೆ.

ಈಗ ಆ 1987 ಅನ್ನುವ ಇಸವಿಯನ್ನು ಇನ್ನೊಮ್ಮೆ ನೋಡಿ. ಗಿರಾಕಿ ಕೈಕೊಟ್ಟದ್ದಕ್ಕೆ ಉತ್ತರವಾಗಿ ಪೆಲೆಟ್ ಕಾರ್ಖಾನೆ ಶುರುವಾದದ್ದೂ, ಕಾಡು ನಿಮ್ಮದಲ್ಲ ಅಂತ ಕಾನೂನು ಬಾಗಿಲು ಬಡಿದದ್ದೂ ಒಂದೇ ವರ್ಷ. ಮೊದಲನೆಯದಕ್ಕೆ ಯೋಜನೆ ಇತ್ತು, ಬಂಡವಾಳ ಇತ್ತು, ಎಂಜಿನಿಯರುಗಳಿದ್ದರು. ಎರಡನೆಯದಕ್ಕೆ ಇದ್ದದ್ದು ನವೀಕರಣದ ಅರ್ಜಿ. ಸರ್ಕಾರದ್ದೇ ಕಂಪನಿ, ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇದ್ದಿರಬೇಕು. 2006ರ ಜನವರಿ 1ರ ಬೆಳಿಗ್ಗೆ ಕಂಪನಿಯ ಕೈಯಲ್ಲಿ ಇನ್ನೊಂದು ಗಣಿ ಇರಲಿಲ್ಲ. ಸಮುದ್ರದ ದಡದಲ್ಲಿ ಕಾರ್ಖಾನೆ ಇದೆ, ಅದಿರಿಲ್ಲ. ಆಮೇಲೆ ಏನಾಯಿತು ಗೊತ್ತಾ? ಛತ್ತೀಸಗಢದ ಬೈಲಾಡಿಲಾದಿಂದ ಅದಿರು ವಿಶಾಖಪಟ್ಟಣಕ್ಕೆ ಬಂದು, ಅಲ್ಲಿ ಹಡಗು ಹತ್ತಿ, ದಕ್ಷಿಣ ಭಾರತವನ್ನೇ ಸುತ್ತು ಹಾಕಿ ಮಂಗಳೂರಿಗೆ ಬರತೊಡಗಿತು. ಯಂತ್ರಗಳು ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿಗೆ ಹೊಂದಿಕೊಂಡಿದ್ದವು, ಬಂದದ್ದು ಬೇರೆ ಬಗೆಯ ಅದಿರು, ಹೆಮಟೈಟ್. ಅದಕ್ಕೂ ಬದಲಾವಣೆ ಮಾಡಬೇಕಾಯಿತು. ಮನೆ ಹಿಂದಿನ ಬಾವಿ ನೀರು ಕುಡಿಯುತ್ತಿದ್ದವರು ಟ್ಯಾಂಕರ್ ನೀರು ಕೊಂಡು ಹೋಟೆಲ್ ನಡೆಸಿದ ಹಾಗೆ.

ಚಿಕ್ಕಪ್ಪ, ಕೆಲಸ ಕಳೆದುಕೊಂಡವರ ಬಗ್ಗೆ ನೀವು ಹೇಳಿದ್ದು ನಿಜ. ಅದನ್ನು ನಾನು ಹಗುರ ಮಾಡುತ್ತಿಲ್ಲ. ಒಂದು ಇಡೀ ಟೌನ್‌ಶಿಪ್ ಖಾಲಿಯಾಯಿತು. ಗುತ್ತಿಗೆ ಕೂಲಿಗಳಿಗೆ, ಕಂಪನಿ ನಂಬಿ ಅಂಗಡಿ ಇಟ್ಟವರಿಗೆ ಹೋಗಲು ಜಾಗ ಇರಲಿಲ್ಲ. ಆದರೆ ಆ ಸಿಟ್ಟು ಯಾರ ಮೇಲೆ ಬರಬೇಕು? ಭದ್ರೆ ಹುಟ್ಟುವ ಬೆಟ್ಟ ಅದು, ದೇಶದಲ್ಲೇ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಅಂಥ ಕಡೆ ಬೆಟ್ಟ ಬಗೆದರೆ ಮಣ್ಣು ಎಲ್ಲಿಗೆ ಹೋಗುತ್ತದೆ? ಹೊಳೆಗೇ. ಕೇಸಿನಲ್ಲಿ ಆ ಹೂಳಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಭದ್ರೆಯ ಕೆಳಗೆ ಗದ್ದೆ ಮಾಡುವವರದ್ದೂ ಹೊಟ್ಟೆಪಾಡೇ ಅಲ್ವಾ? ಮುಚ್ಚುವ ದಿನ ಯಾವುದು ಅಂತ ಗೊತ್ತಿದ್ದವರು, ಆ ದಿನಕ್ಕೆ ಮೊದಲೇ ಕೆಲಸಗಾರರಿಗೆ ದಾರಿ ಮಾಡಬೇಕಿತ್ತು. ಕೋರ್ಟು ನದಿಯ ಪರವಾಗಿ ನಿಂತ ದಿನ ನನಗೆ ಖುಷಿಯಾಗಿತ್ತು, ಈಗಲೂ ಅದೇ ಖುಷಿ ಇದೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಕೊಡುವ ಮಾತಾಗಿ, 2023ರಲ್ಲಿ ಗುತ್ತಿಗೆ ಪತ್ರವೂ ಆಯಿತು. ಅದೂ ಕಾಡೇ. ಸುಮಾರು 99 ಸಾವಿರ ಮರಗಳ ಪ್ರಶ್ನೆ. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರು ಆ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಕುದುರೆಮುಖದ ಹಳೇ ಬಾಕಿ ಮೊದಲು ತೀರಿಸಲಿ, ಅಲ್ಲಿಯವರೆಗೆ ಅರಣ್ಯ ಜಾಗ ಹಸ್ತಾಂತರ ಮಾಡಬೇಡಿ ಅಂದರು. ರಾಜಕೀಯ ಇದ್ದಿರಬಹುದು, ಇರಲಿ. ನಾನು ನೋಡುವುದು ಇಷ್ಟನ್ನೇ: ಒಂದು ಬೆಟ್ಟದಲ್ಲಿ ಉಳಿಸಿ ಬಂದ ಲೆಕ್ಕ ಇನ್ನೊಂದು ಬೆಟ್ಟದ ಬಾಗಿಲಲ್ಲಿ ಸುಮಾರು 20 ವರ್ಷದ ನಂತರ ಕಾಯುತ್ತಾ ಕೂತಿತ್ತು.

ಸಂಡೂರಿನ ಹೆಸರು ಬಂತಲ್ಲ, ಬಳ್ಳಾರಿಯ ಮಾತೂ ಹೇಳಿಬಿಡುತ್ತೇನೆ. ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಚೀನಾದಲ್ಲಿ ಬೇಡಿಕೆ ಏರಿದ್ದೇ ತಡ, ಗಡಿಕಲ್ಲು ಕಿತ್ತು, ಕಾಡು ಒತ್ತಿ ಅಗೆದರು. ಮರದ ಎಲೆ, ಮನೆಯ ಗೋಡೆ, ಹತ್ತಿ ಬೆಳೆ ಎಲ್ಲ ಕೆಂಪು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಸುಪ್ರೀಂ ಕೋರ್ಟಿಗೆ ಹೋದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಎರಡೇ ದಿನಕ್ಕೆ ಸುಪ್ರೀಂ ಕೋರ್ಟಿನ ಆದೇಶದಿಂದ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಹೆಚ್ಚು ಕಡಿಮೆ ಸರಿಯಾಗಿದ್ದವರು ಎ. ಒಂದಿಷ್ಟು ಮಿತಿಯೊಳಗೆ ಒತ್ತುವರಿ ಮಾಡಿದವರು ಬಿ. ಲಂಗುಲಗಾಮಿಲ್ಲದೆ ಮಾಡಿದವರು ಸಿ. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ಗುಂಪಿನ ಗುತ್ತಿಗೆಗಳೆಲ್ಲ ರದ್ದಾದವು. ಉಳಿದವರು ಅಗೆದ ಜಾಗವನ್ನು ಸರಿಪಡಿಸುವ ಯೋಜನೆ ಕೊಟ್ಟು ಒಪ್ಪಿಗೆ ಪಡೆದರೆ ಮಾತ್ರ ಮತ್ತೆ ಶುರು. ಆಗ ಮೂರೂ ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಿತಿ ಇತ್ತು, ಮಾರಾಟ ಇ-ಹರಾಜಿನಲ್ಲೇ ಆಗಬೇಕಿತ್ತು.

ಇಲ್ಲಿ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯನ್ನು ನೋಡಬೇಕು. ವರ್ಷಕ್ಕೆ 1 ಕೋಟಿ ಟನ್ ಉಕ್ಕು ಮಾಡುವ ಶಕ್ತಿ ಬಂದ ಹೊತ್ತಿಗೇ ಅದಿರು ನಿಂತು, ಉತ್ಪಾದನೆ ತಗ್ಗಿಸಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಅವರು ನಡೆದ ದಾರಿ ಬೇರೆಯಾಗಿತ್ತು. ಮೊದಲಾದರೆ ಪಕ್ಕಕ್ಕೆ ಸುರಿಯುತ್ತಿದ್ದ ಕೀಳು ದರ್ಜೆಯ ಅದಿರನ್ನು ತೊಳೆದು ಬಳಸುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದರು. 2016ರಲ್ಲಿ ಆ ಸಿ ಗುಂಪಿನ ಗಣಿಗಳೇ ಹರಾಜಿಗೆ ಬಂದಾಗ 5 ಗಣಿ ಹಿಡಿದರು. 2020ರಲ್ಲಿ ಒಡಿಶಾದಲ್ಲಿ 4 ಗಣಿ ಪಡೆದರು. ಸಂಡೂರಿನ ಗಣಿಯಿಂದ ಕಾರ್ಖಾನೆಗೆ 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಹಾಕಿದರು, ಮುಚ್ಚಿದ ಕೊಳವೆಯಲ್ಲೇ ಅದಿರು ಹೋಗುತ್ತದೆ, ಅಷ್ಟು ಲಾರಿ ರಸ್ತೆಗೆ ಇಳಿಯುವುದಿಲ್ಲ, ಅಷ್ಟು ದೂಳು ಏಳುವುದಿಲ್ಲ. ಇದು ಪರಿಸರದ ಮೇಲಿನ ಪ್ರೀತಿಯಿಂದ ಮಾತ್ರ ಆಯಿತು ಅಂತ ನಾನು ಹೇಳುವುದಿಲ್ಲ. ಸಾಗಣೆ ಖರ್ಚೂ ಇಳಿಯುತ್ತದೆ. ಗಣಿ ಅಂದಮೇಲೆ ಗಣಿಯೇ, ಬೆಟ್ಟ ಕರಗುತ್ತದೆ. ಆದರೆ 2011ರ ಆದೇಶ ಬರದೇ ಹೋಗಿದ್ದರೆ ಕೀಳು ಅದಿರಿಗೆ ಅಷ್ಟು ಬೆಲೆ ಬರುತ್ತಿತ್ತಾ? ನನಗೆ ನಂಬಿಕೆಯಿಲ್ಲ. ಕಾನೂನು ಬಿಗಿಯಾದ ಮೇಲೆಯೇ ಆ ಗುಡ್ಡೆಗಳು ಸರಕಾದವು.

ಟಿಪ್ಪರ್ ಸಾಲ ಮಾಡಿದ್ದವರ ಕಷ್ಟ ಬೇರೆ. ದೊಡ್ಡ ಕಂಪನಿಗೆ ಒಡಿಶಾಕ್ಕೆ ಹೋಗುವ ಶಕ್ತಿ ಇರುತ್ತದೆ, ಹೊಸಪೇಟೆಯ ಲಾರಿ ಮಾಲೀಕನಿಗೆ ಎಲ್ಲಿಂದ ಬರಬೇಕು?

ನನ್ನ ಕೆಲಸ ಏನು ಅಂತ ಹಲವರಿಗೆ ಗೊತ್ತಿಲ್ಲ. ಪೀಣ್ಯ ಕಡೆಯ ಸಣ್ಣ ಕಾರ್ಖಾನೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್, ಅಂದರೆ ಒಪ್ಪಿಗೆ ಪತ್ರದ ಫೈಲು ಮಾಡಿಕೊಡುವುದು. ಹೆಚ್ಚಿನವು ಲೋಹಕ್ಕೆ ಲೇಪನ ಹಾಕುವ ಪ್ಲೇಟಿಂಗ್ ಘಟಕಗಳು, ಹೆಚ್ಚು ಮಾಲಿನ್ಯದ ರೆಡ್ ಕ್ಯಾಟಗರಿ. ಅಲ್ಲೂ ಇದೇ ಕಥೆ, ಸಣ್ಣ ಅಳತೆಯಲ್ಲಿ. ಒಬ್ಬ ಮಾಲೀಕರಿಗೆ ಕನ್ಸೆಂಟ್ ಮುಗಿಯುತ್ತಿದೆ, ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ಸರಿ ಮಾಡಿಸಿ ಅಂತ ಎರಡು ವರ್ಷ ಹೇಳಿದೆ. "ನೋಟಿಸ್ ಬಂದಾಗ ನೋಡ್ಕೊಳ್ಳೋಣ ಬಿಡಿ ಸರ್" ಅಂದರು. ನೋಟಿಸ್ ಬಂತು, ಆಮೇಲೆ ಮುಚ್ಚುವ ಆದೇಶ ಬಂತು, ಕರೆಂಟ್ ಕಟ್ ಆಯಿತು. 14 ಜನ ಕೆಲಸಗಾರರು ಗೇಟಿನ ಹೊರಗೆ ಟಿಫಿನ್ ಬಾಕ್ಸ್ ಹಿಡಿದು ನಿಂತಿದ್ದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಅದೇ ರಸ್ತೆಯ ಇನ್ನೊಬ್ಬರು, ಯುರೋಪಿಗೆ ಬಿಡಿಭಾಗ ಕಳಿಸುವ ಕಂಪನಿಗೆ ಕೆಲಸ ಮಾಡುವವರು. ಅಲ್ಲಿ ಪ್ಲೇಟಿಂಗ್‌ಗೆ ಹಾಕುವ ವಿಷಕಾರಿ ಕ್ರೋಮಿಯಂ 6 ಅನ್ನು 2017ರಿಂದ ಅನುಮತಿ ಇಲ್ಲದೆ ಬಳಸುವಂತಿಲ್ಲ ಅನ್ನುವ ನಿಯಮ ಬರುತ್ತದೆ ಅಂತ ಕೇಳಿದವರೇ, ಒಂದು ತೊಟ್ಟಿಯಲ್ಲಿ ಅಷ್ಟು ವಿಷವಿಲ್ಲದ ಕ್ರೋಮಿಯಂ 3 ಹಾಕಿ ಪ್ರಯೋಗ ಶುರು ಮಾಡಿದರು. ಮೊದಲ ವರ್ಷ ಬಣ್ಣ ಸರಿ ಬರಲಿಲ್ಲ, ಮಾಲು ವಾಪಸ್ ಬಂತು, ದುಡ್ಡು ಹೋಯಿತು. ಬಿಡಲಿಲ್ಲ. ಈಗ ಅವರ ಹತ್ತಿರ ಆರ್ಡರ್ ಜಾಸ್ತಿ. ಅವರ ಬೋರ್‌ವೆಲ್ ನೀರನ್ನು ಅವರ ಕೆಲಸಗಾರರು ಹೆದರದೆ ಕೈಕಾಲಿಗೆ ಹಾಕಿಕೊಳ್ಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದು.

ವ್ಯಾಪಾರದವರಿಗೆ ರೇಟು ಬಿದ್ದರೆ ಆ ರಾತ್ರಿಯೇ ನಿದ್ದೆ ಕೆಡುತ್ತದೆ. ಗಿರಾಕಿ ಬಿಟ್ಟುಹೋದರೆ ಮರುದಿನವೇ ಬೇರೆ ದಾರಿ ಹುಡುಕುತ್ತಾರೆ. ಅದೇ, ಇನ್ನು 10 ವರ್ಷಕ್ಕೆ ಈ ಕೆಲಸ ಹೀಗೆ ಮಾಡುವಂತಿಲ್ಲ ಅಂತ ಗೆಜೆಟ್‌ನಲ್ಲಿ ಬಂದರೆ ಅದು ವಕೀಲರ ಕೆಲಸ, ಫೈಲಿನ ಕೆಲಸ ಆಗಿಬಿಡುತ್ತದೆ. ಯಾಕೆ ಹೀಗೆ? ರೇಟು ಯಾವಾಗ ಬೀಳುತ್ತದೆ ಅಂತ ಯಾರೂ ಹೇಳುವುದಿಲ್ಲ, ಕಾನೂನಾದರೋ ತಾರೀಖು ಹಾಕಿಕೊಂಡೇ ಬರುತ್ತದೆ.

ಚಿಕ್ಕಪ್ಪ, ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಫಿಯನ್ನು ಜಾಸ್ತಿ ಕೊಳ್ಳುವವರು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಯವರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಅಂತ ಯುರೋಪಿನಲ್ಲಿ ಕಾನೂನು ಮಾಡಿದ್ದಾರೆ. ಬೆಳೆದ ಜಾಗ ಎಲ್ಲಿದೆ ಅಂತ ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಗಡಿಯ ಸುತ್ತ ನಕ್ಷೆಯೇ ಬೇಕು, ಚಿಕ್ಕದಾದರೆ ಒಂದು ಗುರುತು ಸಾಕು. ಜಾರಿಯ ತಾರೀಖನ್ನು ಮುಂದೆ ಹಾಕುತ್ತಾ ಬಂದಿದ್ದಾರೆ, ಹಾಗಾಗಿ ನಮ್ಮೂರಲ್ಲಿ ಎಲ್ಲರೂ "ಅದೆಲ್ಲ ಆಗೋ ಮಾತಲ್ಲ ಬಿಡು" ಅಂತಿದ್ದಾರೆ. ಕುದುರೆಮುಖದಲ್ಲೂ ಹಾಗೇ ಅಂದುಕೊಂಡಿದ್ದರು. ನೆರಳಿನ ಮರ ಉಳಿಸಿಕೊಂಡೇ ಕಾಫಿ ಬೆಳೆದವರು ನಾವು. ಹೊಸದಾಗಿ ಕಾಡು ಕಡಿಯದವರಿಗೆ ಈ ಕಾನೂನಿನಿಂದ ಲಾಭವೇ ಆಗಬಹುದು, ಕಾಗದ ಸರಿಯಿದ್ದರೆ.

ನೀವು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಕೊಳಕು ನೀರಿಗೆ ಗುಂಡಿ ತೋಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾವ ಅಧಿಕಾರಿಯೂ ಬಂದು ಹೇಳಿರಲಿಲ್ಲ. ಹಳ್ಳದ ಕೆಳಗಿನ ಮನೆಯವರು ನೀರು ವಾಸನೆ ಬರುತ್ತದೆ ಅಂದರು, ಮರುವರ್ಷದ ಕೊಯ್ಲಿಗೆ ಮೊದಲೇ ನೀವು ಆಳು ಕರೆಸಿದಿರಿ. ಅವತ್ತು ನಾನೂ ಗುದ್ದಲಿ ಹಿಡಿದಿದ್ದೆ.

ಬರುವ ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ. ಪಹಣಿ, ಸರ್ವೆ ನಕ್ಷೆ ಎರಡನ್ನೂ ಟ್ರಂಕಿನಿಂದ ತೆಗೆದಿಡಿ. ಮಳೆ ಬಿಟ್ಟಿದ್ದರೆ ಗಡಿಯ ಸುತ್ತ ಒಂದು ಸುತ್ತು ನಡೆದು, ಫೋನಿನಲ್ಲಿ ಗುರುತು ಹಾಕಿಕೊಂಡು ಬರೋಣ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ನೀವೇ ಇಟ್ಟುಕೊಳ್ಳಿ, ಪೇಟೆಯಲ್ಲಿ ನನಗೆ ಅದರ ಅಭ್ಯಾಸ ತಪ್ಪಿದೆ.