ನಾಯಕ ಸತ್ತ ಮೇಲೆ ಉಸಿರಾಡುವ ಚಿತ್ರ

1981ರಲ್ಲಿ ತೆರೆಕಂಡ ‘ಗೇಮ್ ಆಫ್ ಡೆತ್ 2’ ಚಿತ್ರದ ಬಗ್ಗೆ ಬ್ರೂಸ್ ಲೀ ಅಭಿಮಾನಿಗಳು ತೋರುವ ತಾತ್ಸಾರದಲ್ಲಿ ಅರ್ಧದಷ್ಟು ಮಾತ್ರ ನ್ಯಾಯವಿದೆ ಎಂಬುದು ನನ್ನ ಅಭಿಪ್ರಾಯ. ಲೀ ತೀರಿಕೊಂಡದ್ದು 1973ರ ಜುಲೈ 20ರಂದು, ಹಾಂಗ್‌ಕಾಂಗ್‌ನಲ್ಲಿ, ಕೇವಲ 32ನೆಯ ವಯಸ್ಸಿನಲ್ಲಿ. ಎಂಟು ವರ್ಷ ಕಳೆದ ಮೇಲೂ ಅವರ ಹೆಸರಿನಲ್ಲಿಯೇ ಟಿಕೆಟ್ ಮಾರಿದ್ದನ್ನು ಸಮರ್ಥಿಸುವ ಉದ್ದೇಶ ನನಗಿಲ್ಲ.

ಆದರೆ ನಿಜವಾದ ಅಪಚಾರ ನಡೆದದ್ದು 1978ರಲ್ಲಿ ತೆರೆಕಂಡ ಮೊದಲ ಭಾಗವಾದ ‘ಗೇಮ್ ಆಫ್ ಡೆತ್’ ಚಿತ್ರದಲ್ಲಿ. ಗೋಪುರವೊಂದರ ಅಂತಸ್ತುಗಳನ್ನು ಏರುತ್ತ, ಪ್ರತಿ ಅಂತಸ್ತಿನಲ್ಲೂ ಬೇರೊಂದು ಸಮರಕಲೆಯ ಪಟುವನ್ನು ಎದುರಿಸುತ್ತ, ಯಾವ ಒಂದು ಪದ್ಧತಿಗೂ ಕಟ್ಟುಬೀಳದವನೇ ಗೆಲ್ಲುತ್ತಾನೆಂದು ತೋರಿಸುವ ಚಿತ್ರವನ್ನು ಲೀ 1972ರಲ್ಲಿ ತಾವೇ ನಿರ್ದೇಶಿಸತೊಡಗಿದ್ದರು. ‘ಎಂಟರ್ ದ ಡ್ರ್ಯಾಗನ್’ ಚಿತ್ರದ ಅವಕಾಶ ಬಂದುದರಿಂದ ಅದು ಅರ್ಧಕ್ಕೇ ನಿಂತಿತ್ತು. ಚಿತ್ರನಿರ್ಮಾಣ ಸಂಸ್ಥೆ ಗೋಲ್ಡನ್ ಹಾರ್ವೆಸ್ಟ್ ಮತ್ತು ನಿರ್ದೇಶಕ ರಾಬರ್ಟ್ ಕ್ಲೌಸ್ ಆ ದೃಶ್ಯಗಳಲ್ಲಿ ಹನ್ನೊಂದು ನಿಮಿಷಗಳಷ್ಟನ್ನು ಮಾತ್ರ ಉಳಿಸಿಕೊಂಡು, ಬಿಲ್ಲಿ ಲೋ ಎಂಬ ನಟನ ಸೇಡಿನ ಕಥೆಯೊಂದನ್ನು ಸುತ್ತಲೂ ಹೆಣೆದರು. ಕಪ್ಪು ಕನ್ನಡಕ ತೊಟ್ಟ ಡೂಪ್‌ಗಳ ವಿಷಯ ಹಾಗಿರಲಿ, ಕನ್ನಡಿಗೆ ಅಂಟಿಸಿದ ಲೀ ಅವರ ಮುಖದ ಚಿತ್ರವನ್ನೂ ನಕ್ಕು ಮರೆಯಬಹುದು. ಆದರೆ ನಾಯಕನ ಸುಳ್ಳು ಸಾವನ್ನು ನಂಬಿಸಲು ಲೀ ಅವರ ನಿಜವಾದ ಅಂತ್ಯಸಂಸ್ಕಾರದ ದೃಶ್ಯಗಳನ್ನೇ ಬಳಸಿದ್ದನ್ನು ನನಗೆ ಇಂದಿಗೂ ಸಹಿಸಲಾಗುವುದಿಲ್ಲ.

ಎರಡನೇ ಭಾಗದ ಆರಂಭವೂ ಇದೇ ಜಾಡಿನದು: ‘ಎಂಟರ್ ದ ಡ್ರ್ಯಾಗನ್’ಗಾಗಿ ತೆಗೆದ ತುಣುಕುಗಳು, ಲೀ ಬಾಲನಟರಾಗಿದ್ದಾಗಿನ ಚಿತ್ರಗಳ ದೃಶ್ಯಗಳು, ನಡುನಡುವೆ ಬೆನ್ನು ತೋರಿಸಿ ನಿಲ್ಲುವ ಡೂಪ್. ಬಳಿಕ, ಗೆಳೆಯನ ಶವಪೆಟ್ಟಿಗೆಯನ್ನು ಹೆಲಿಕಾಪ್ಟರ್ ಎತ್ತಿಕೊಂಡು ಹೋಗುವಾಗ, ಅದಕ್ಕೆ ಜೋತುಬಿದ್ದ ನಾಯಕ ಬಿದ್ದು ಸಾಯುತ್ತಾನೆ. ಎಷ್ಟೇ ಹಾಸ್ಯಾಸ್ಪದವಾಗಿ ಕಂಡರೂ ನಿರ್ದೇಶಕ ಉಂಗ್ ಸೀ ಯುಯೆನ್ ಕೈಗೊಂಡ ಅತ್ಯಂತ ಒಳ್ಳೆಯ ತೀರ್ಮಾನ ಅದೇ, ಏಕೆಂದರೆ ಅಲ್ಲಿಯವರೆಗೆ ಲೀ ಅವರ ಡೂಪ್ ಆಗಿದ್ದ ಕೊರಿಯಾದ ನಟ ಕಿಮ್ ತಾಯ್ ಚುಂಗ್ ಅಲ್ಲಿಂದಾಚೆಗೆ ಮುಖ ಮರೆಸಬೇಕಾದ ಅಗತ್ಯವಿಲ್ಲದೆ, ಸತ್ತವನ ತಮ್ಮ ಬಾಬಿಯಾಗಿ ಕ್ಯಾಮೆರಾದ ಎದುರಿಗೆ ಬರುತ್ತಾರೆ. ಸಿಂಹದ ವೇಷ ತೊಟ್ಟವನೊಬ್ಬನೊಂದಿಗಿನ ಕಾದಾಟವನ್ನು ದಾಟಿಕೊಂಡು ಬಂದರೆ, ನೆಲದಡಿಗೆ ಇಳಿಯುವ ಗೋಪುರದಲ್ಲಿ ನಟ ಹ್ವಾಂಗ್ ಜಾಂಗ್ ಲೀ ಎದುರಾಗುತ್ತಾರೆ. ಅವರ ಒದೆಗಳ ವೇಗ ಮತ್ತು ನಿಖರತೆಯನ್ನು ಪೂರ್ತಿಯಾಗಿ ಕಾಣಲು ಸಾಧ್ಯವಾಗುವುದು, ಎದುರಾಳಿಯ ಮುಖವನ್ನು ಬಚ್ಚಿಡಲು ಕ್ಯಾಮೆರಾ ಇನ್ನು ಹೆಣಗಬೇಕಾಗಿಲ್ಲದ ಕಾರಣದಿಂದ.

ಆದರೂ ಕಿಮ್ ಅವರಿಗೆ ಲೀ ಅವರ ನೆರಳಿನಿಂದ ಬಿಡುಗಡೆ ಸಿಗಲಿಲ್ಲ. 1986ರ ‘ನೋ ರಿಟ್ರೀಟ್, ನೋ ಸರೆಂಡರ್’ ಚಿತ್ರದಲ್ಲಿ ಅವರಿಗೆ ದಕ್ಕಿದ್ದು ಬ್ರೂಸ್ ಲೀ ಅವರ ಪ್ರೇತದ ಪಾತ್ರ. ‘ಗೇಮ್ ಆಫ್ ಡೆತ್ 2’ ಚಿತ್ರವನ್ನು ಮೊದಲ ರೀಲಿನಿಂದಲೇ ಕಿಮ್ ಅವರ ಚಿತ್ರವೆಂದು ಬಿಡುಗಡೆ ಮಾಡಿದ್ದರೆ ಇಷ್ಟು ಜನ ನೋಡುತ್ತಿದ್ದರೇ ಎಂದು ಕೇಳಿದರೆ, ಖಂಡಿತ ಇಲ್ಲ. ಲೀ ಅವರ ಕಲ್ಪನೆಯ ಗೋಪುರವನ್ನು ನೋಡಬೇಕೆನ್ನುವವರು, ಅವರು ಚಿತ್ರೀಕರಿಸಿದ್ದ ದೃಶ್ಯಗಳನ್ನು ಮತ್ತೆ ಜೋಡಿಸಿ ತೋರಿಸಿದ 2000ದ ಸಾಕ್ಷ್ಯಚಿತ್ರ ‘ಎ ವಾರಿಯರ್ಸ್ ಜರ್ನಿ’ಯನ್ನು ನೋಡಲಿ. ಎರಡನೇ ಭಾಗವನ್ನು ನೋಡುವವರು ಹೆಲಿಕಾಪ್ಟರ್ ಬರುವ ದೃಶ್ಯದಿಂದ ಶುರುಮಾಡಿದರೆ ಸಾಕು.