ಡಿಸ್ಚಾರ್ಜ್ ಮಾಡುವಾಗ ಅರ್ಧ ಗಂಟೆ ಕೊಡಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಾವನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಇವತ್ತು ರಾಯಚೂರಿನಿಂದ ಮನೆಗೆ ಕಳಿಸಿದರು. ಫೈಲ್ ಕೊಟ್ಟರು, ಗುಳಿಗೆ ಯಾವಾಗ ಅಂತ ಬರೆದುಕೊಟ್ಟರು, ಉಪ್ಪು ಎಣ್ಣೆ ಕಡಿಮೆ ಮಾಡಿ, ಬೀಡಿ ಬಿಡಿ ಅಂದರು. ಎಲ್ಲಾ ಸರಿ. ಅತ್ತೆ ಕೇಳಿದರು, "ಮನ್ಯಾಗ ಒಮ್ಮಿಂದೊಮ್ಮೆ ಬಿದ್ರ ಏನ್ ಮಾಡ್ಬೇಕ್ರೀ?" "ಏನೂ ಆಗಂಗಿಲ್ಲ ಬಿಡ್ರಿ, ಆದ್ರ 108ಕ್ಕ ಫೋನ್ ಮಾಡ್ರಿ" ಅಂದು ಡಾಕ್ಟರ್ ಮುಂದಿನ ಬೆಡ್ಡಿಗೆ ಹೋದರು.

ಫೋನ್ ಮಾಡಲೇಬೇಕು, ಮೊದಲು ಅದೇ. ಆದರೆ ಗಾಡಿ ಬರೋವರೆಗೆ? ಮಾವನ ಊರು ಲಿಂಗಸುಗೂರಿನಿಂದಲೂ ಒಳಗೆ. ಎದೆಬಡಿತ ನಿಂತರೆ ನಾಲ್ಕೈದು ನಿಮಿಷಕ್ಕೇ ಮೆದುಳಿಗೆ ಪೆಟ್ಟು ಬೀಳೋಕೆ ಶುರು. ಯಾರೂ ಎದೆ ಒತ್ತದಿದ್ದರೆ ಬದುಕುವ ಅವಕಾಶ ನಿಮಿಷಕ್ಕೆ 7ರಿಂದ 10 ಪರ್ಸೆಂಟ್ ಇಳಿಯುತ್ತಾ ಹೋಗುತ್ತದೆ. ಡ್ರೈವರ್ ಎಷ್ಟೇ ಓಡಿಸಿದರೂ ಅಷ್ಟರಲ್ಲಿ ಆ ಊರು ಮುಟ್ಟೋದಿಲ್ಲ. ಹೀಗೆ ಕುಸಿದು ಬೀಳೋದು ಜಾಸ್ತಿ ಮನೆಯಲ್ಲೇ. ಆಗ ಪಕ್ಕದಲ್ಲಿ ಇರೋರು ಅತ್ತೆ. ಅವರಿಗೇ ಎದೆ ಒತ್ತೋದನ್ನ (ಸಿಪಿಆರ್) ಕಲಿಸದೆ ಕಳಿಸಿದರಲ್ಲ!

2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದ ಮೇಲೆ ಜನ ಇಸಿಜಿ ಮಾಡಿಸೋಕೆ ಸಾಲುಗಟ್ಟಿ ನಿಂತಿದ್ದರು, ನೆನಪಿದೆ ಅಲ್ವಾ? ಈಗ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೂ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ. ನಿಜವಾಗಿ ದೊಡ್ಡ ಕೆಲಸ. ಆದರೆ ಆ ಇಂಜೆಕ್ಷನ್ ಜೀವ ಹಿಡಿದು ಆಸ್ಪತ್ರೆ ಬಾಗಿಲು ಮುಟ್ಟಿದವರಿಗೆ. ಅಲ್ಲಿವರೆಗೆ ಜೀವ ಹಿಡಿಸೋರು ಮನೆಯವರು.

"ಮನೆಯವರಿಗೆ ಎದೆ ಒತ್ತೋದು ಕಲಿಸಿದರೆ ಪೇಷಂಟ್ ಹೆದರ್ತಾರೆ, ಪಕ್ಕೆಲುಬು ಮುರೀತದೆ" ಅನ್ನೋರಿದ್ದಾರೆ. ಮುರಿಯಬಹುದು, ಹೌದು. ಎಲುಬು ಕೂಡುತ್ತದೆ, ನಿಂತ ಎದೆಯನ್ನು ಹಾಗೇ ಬಿಟ್ಟರೆ ಮನುಷ್ಯನೇ ಇರೋದಿಲ್ಲ. ಹೆದರಿಕೆ ಅಂತೀರಾ? ಅತ್ತೆ ಆಸ್ಪತ್ರೆಯಿಂದ ಬರುವಾಗಲೇ ಹೆದರಿದ್ದರು, ಕೈಯಲ್ಲಿ ಫೈಲ್ ಬಿಟ್ಟರೆ ಏನೂ ಇರಲಿಲ್ಲ.

ನರ್ಸಿಂಗ್ ಹುಡುಗಿಯರಿಗೆ ವರ್ಷವಿಡೀ ನಾನು ಕಲಿಸೋದೇ ಇದನ್ನ. ಸಂಜೆ ದಿಂಬು ನೆಲಕ್ಕೆ ಹಾಕಿ ಅತ್ತೆಯನ್ನ ಕೂರಿಸಿದೆ. ಬಳೆ ಮೇಲೆ ಸರಿಸಿಕೊಂಡರು. ಮೊದಲು ಮೆತ್ತಗೆ ಒತ್ತಿದರು, ಮೊಣಕೈ ಬಾಗುತ್ತಿತ್ತು. ಎದೆಯ ನಡುವೆ ಅಂಗೈ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ, ಮೈಭಾರ ಬಿಟ್ಟು ಐದಾರು ಸೆಂಟಿಮೀಟರ್ ಒಳಗೆ, ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು. ಸ್ವಲ್ಪ ಹೊತ್ತಿಗೇ ಹದ ಸಿಕ್ಕಿತು. ದಿನಾ ಜೋಳದ ರೊಟ್ಟಿ ಬಡಿಯೋ ಕೈ, ಬೇಗ ಸೋಲೋದಿಲ್ಲ. ಕೈ ಸೋತರೆ ಮಗ ಒತ್ತಬೇಕು, ಅವನಿಗೂ ಕಲಿಸಿದೆ. ಎಚ್ಚರ ತಪ್ಪಿ ಗೊರಗೊರ ಅಂತ ಆಗೊಮ್ಮೆ ಈಗೊಮ್ಮೆ ಉಸಿರೆಳೆದರೆ "ಉಸಿರಾಡ್ತಾರೆ" ಅಂತ ಕೂರಬೇಡಿ, ಒತ್ತೋಕೆ ಶುರು ಮಾಡಿ ಅಂದೆ. ಬಾಯಿಗೆ ನೀರು ಬಿಡಬೇಡಿ ಅಂತ ಎರಡೆರಡು ಸಲ ಹೇಳಿದೆ, ನಮ್ಮ ಕಡೆ ಮೊದಲು ತಂಬಿಗೆಗೇ ಕೈ ಹೋಗುತ್ತದೆ.

ಮಾವನೂ ಕಲಿಯೋದಿತ್ತು. ಎದೆ ಹಿಂಡಿ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬಾರದು, ಬೈಕ್ ಹತ್ತಬಾರದು. ಡಾಕ್ಟರ್ ಬರೆದ ನಾಲಿಗೆ ಕೆಳಗಿನ ಗುಳಿಗೆ ಕೂತುಕೊಂಡೇ ಇಡಬೇಕು, ನಿಂತು ಇಟ್ಟರೆ ಬಿಪಿ ಇಳಿದು ಬೀಳಬಹುದು. ವಾಟ್ಸಾಪ್‌ನಲ್ಲಿ ಓಡಾಡೋ "ಜೋರಾಗಿ ಕೆಮ್ಮಿ" ಅನ್ನೋದನ್ನ ನಂಬಿ ಹೊತ್ತು ಕಳೀಬಾರದು.

ಇಷ್ಟಕ್ಕೆ ಅರ್ಧ ಗಂಟೆ ಸಾಕಾಯಿತು. ಡಾಕ್ಟರಿಗೆ ಪುರುಸೊತ್ತಿಲ್ಲ, ಒಪ್ಪುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿವೆ, ವಾರ್ಡಿನಲ್ಲಿ ನರ್ಸಿಂಗ್ ಮಕ್ಕಳಿದ್ದಾರೆ. ಅವರಿಂದ ಕಲಿಸಿ, ಕಲಿಸಿದ್ದೇವೆ ಅಂತ ಫೈಲಿನಲ್ಲಿ ಬರೆದು ಆಮೇಲೆ ಮನೆಗೆ ಕಳಿಸಿ. ನಾಳೆ ಆ ಆಸ್ಪತ್ರೆಗೆ ಇದನ್ನೇ ಅರ್ಜಿ ಬರೆದು ಕೊಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಹಾರ್ಟ್ ಪೇಷಂಟ್ ಇದ್ದರೆ ಇನ್‌ಬಾಕ್ಸ್ ಮಾಡಿ, ದಿಂಬು ನಿಮ್ಮದು, ಕಲಿಸೋಕೆ ನಾನು ಬರ್ತೇನೆ.