ಸ್ಪಷ್ಟನೆ: ಮಳೆಗೆ ನೆಂದ ಕಂಪ್ಯೂಟರ್ ಆನ್ ಮಾಡಬೇಡಿ

"ಸೂಪರ್ ಕಂಪ್ಯೂಟರನ್ನೇ ನೀರಲ್ಲಿ ಮುಳುಗಿಸಿಡ್ತಾರೆ, ಮಳೆಗೆ ನೆಂದ ಕಂಪ್ಯೂಟರ್‌ಗೆ ಏನೂ ಆಗಲ್ಲ, ಧೈರ್ಯವಾಗಿ ಆನ್ ಮಾಡಿ" ಎಂಬ ಸಂದೇಶ ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಕೆಲವು ಕಂಪ್ಯೂಟರ್‌ಗಳನ್ನು ತಂಪಾಗಿಡಲು ಮುಳುಗಿಸುವುದು ನಿಜ, ಆದರೆ ನೀರಲ್ಲಲ್ಲ. ಕರೆಂಟ್ ಹರಿಯದ ಮಿನರಲ್ ಆಯಿಲ್ ಅಥವಾ ಫ್ಲೋರಿನ್‌ಯುಕ್ತ ದ್ರವದಲ್ಲಿ. 1985ರ ಕ್ರೇ-2 ಸೂಪರ್ ಕಂಪ್ಯೂಟರ್ ಫ್ಲೋರಿನರ್ಟ್ ಎಂಬ ದ್ರವದಲ್ಲೇ ಕೆಲಸ ಮಾಡುತ್ತಿತ್ತು. ಈಗಿನ ಕೆಲವು ದ್ರವಗಳು ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತವೆ. ಚಿಪ್‌ನ ಬಿಸಿಗೆ ಗುಳ್ಳೆಯೆದ್ದು ಆವಿಯಾಗಿ, ಮೇಲಿನ ತಣ್ಣನೆಯ ಕೊಳವೆಗೆ ತಾಗಿ, ಹನಿಯಾಗಿ ಮತ್ತೆ ತೊಟ್ಟಿಗೇ ಬೀಳುತ್ತದೆ. ನಿಜಕ್ಕೂ ಅದ್ಭುತ ವ್ಯವಸ್ಥೆ.

ಸಂದೇಶದ ಜೊತೆಗಿರುವ ಫೋಟೊ, ಮೈಕ್ರೋಸಾಫ್ಟ್ 2018ರಲ್ಲಿ ಸ್ಕಾಟ್ಲೆಂಡ್‌ನ ಆರ್ಕ್ನಿ ಬಳಿ ಸಮುದ್ರಕ್ಕಿಳಿಸಿ 2020ರಲ್ಲಿ ಮೇಲೆತ್ತಿದ, ಒಳಗೆ ಸರ್ವರ್‌ಗಳನ್ನು (ಇತರ ಕಂಪ್ಯೂಟರ್‌ಗಳಿಗೆ ಮಾಹಿತಿ ಒದಗಿಸುವ ಕಂಪ್ಯೂಟರ್‌ಗಳು) ಇಟ್ಟು ಭದ್ರವಾಗಿ ಮುಚ್ಚಿದ ಸಿಲಿಂಡರಿನದು. ಅದರೊಳಗೆ ತುಂಬಿದ್ದದ್ದು ನೈಟ್ರೋಜನ್. ಸರ್ವರ್‌ಗಳು ಸಮುದ್ರದ ನೀರಿನಲ್ಲಿ ನೆನೆದಿರಲಿಲ್ಲ.

"ಶುದ್ಧ ನೀರಲ್ಲಿ ಕರೆಂಟ್ ಹರಿಯಲ್ಲವಲ್ಲ" ಎನ್ನುವವರೂ ಇದ್ದಾರೆ. ಕಂಪ್ಯೂಟರ್ ಒಳಗಿನ ಬೋರ್ಡಿನ ಮೇಲಿನ ಧೂಳು, ಲವಣ ಕರಗಿದ ಕೂಡಲೇ ಅದು ಶುದ್ಧ ನೀರಾಗಿ ಉಳಿಯುವುದಿಲ್ಲ. ಹೆಂಚಿನ ಸಂದಿಯಿಂದ ಸೋರಿದ ನೀರಂತೂ ದಾರಿಯುದ್ದಕ್ಕೂ ಕೊಳೆ ಹೊತ್ತೇ ಬಂದಿರುತ್ತದೆ.

ಕಂಪ್ಯೂಟರ್ ನೆಂದಿದ್ದರೆ ಅದನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಇದ್ದರೆ ಅದನ್ನೂ ಬಂದ್ ಮಾಡಿಸಿ, ಕಂಪ್ಯೂಟರನ್ನು ರಿಪೇರಿಯವರಿಗೆ ಕೊಡಿ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ತೇವದಲ್ಲಿ ಅದು ತಾನಾಗೇ ಒಣಗುತ್ತದೆಂದು ಕಾಯಬೇಡಿ.